ಹೊಸ ಕ್ಯಾಮೆರಾ ಕೊಂಡವರು ಫೋಟೊ ತಂತ್ರಾಂಶಕ್ಕೆ ಹಣ ಕೊಡುವ ಮೊದಲು

ಹೊಸ ಡಿಜಿಟಲ್ ಕ್ಯಾಮೆರಾ ಕೊಳ್ಳುವವರು ಕ್ಯಾಮೆರಾ, ಲೆನ್ಸು, ಮೆಮೊರಿ ಕಾರ್ಡು, ಚೀಲ ಇವುಗಳಿಗೆಲ್ಲ ಲೆಕ್ಕ ಹಾಕಿರುತ್ತಾರೆ; ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದುವ ತಂತ್ರಾಂಶಕ್ಕೆ ಮಾತ್ರ ಆ ಲೆಕ್ಕದಲ್ಲಿ ಜಾಗವಿರುವುದಿಲ್ಲ. ಕಳೆದ ವರ್ಷ ನಾನು ನಿಕಾನ್ ಝಡ್50 ಕ್ಯಾಮೆರಾವನ್ನು ಅದರ ಜೊತೆಗೆ ಬರುವ 16-50 ಮಿ.ಮೀ. ಲೆನ್ಸಿನೊಂದಿಗೆ ಕೊಂಡಾಗ ನನ್ನ ಸ್ಥಿತಿಯೂ ಅದೇ ಆಗಿತ್ತು. ಆಮೇಲೆ ಶಿರಸಿಯಲ್ಲಿ ನನ್ನ ಪರಿಚಯದವರು ಹಲವರು ಇದೇ ಪ್ರಶ್ನೆ ಕೇಳಿದ್ದಾರೆ: ಯಾವ ಸಾಫ್ಟ್‌ವೇರ್ ಹಾಕಿಸಿಕೊಳ್ಳಬೇಕು, ಎಷ್ಟು ಹಣ ಬೇಕು? ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನನ್ನ ಅಭಿಪ್ರಾಯ ಇಷ್ಟು: ನೀವೇ ತೆಗೆದ, ನಿಮಗೆ ಅತಿ ಕಷ್ಟವೆನಿಸಿದ ಎರಡು ಮೂರು ಚಿತ್ರಗಳನ್ನು ಉಚಿತ ತಂತ್ರಾಂಶಗಳಲ್ಲಿ ತೆರೆದು ಪೂರ್ತಿಯಾಗಿ ತಿದ್ದಿ ನೋಡುವ ತನಕ ಯಾವುದಕ್ಕೂ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ಮೊಬೈಲಿನಲ್ಲಿ ಫೋಟೊ ತೆಗೆದು ಅಭ್ಯಾಸವಾದವರಿಗೆ ತಂತ್ರಾಂಶದ ಅಗತ್ಯವೇ ಮೊದಲು ಅರ್ಥವಾಗುವುದಿಲ್ಲ, ಏಕೆಂದರೆ ಮೊಬೈಲು ಬೆಳಕು, ಬಣ್ಣ, ಚೂಪು ಎಲ್ಲವನ್ನೂ ತಾನೇ ತಿದ್ದಿ ಸಿದ್ಧ ಚಿತ್ರವನ್ನು ಕೈಗೆ ಕೊಡುತ್ತದೆ. ಕ್ಯಾಮೆರಾವೂ ಜೆಪೆಗ್ ರೂಪದಲ್ಲಿ ಹಾಗೆಯೇ ಕೊಡಬಲ್ಲದು. ಆದರೆ ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ ಇರುವುದು 8 ಬಿಟ್, ಅಂದರೆ ಕಪ್ಪಿನಿಂದ ಬಿಳಿಯವರೆಗೆ 256 ಹಂತಗಳು ಮಾತ್ರ. ಅದೇ ಕ್ಯಾಮೆರಾದ ರಾ ಕಡತದಲ್ಲಿ 14 ಬಿಟ್ ಇದ್ದರೆ ಹಂತಗಳು 16,384. ಸಂವೇದಕ ಹಿಡಿದ ಮಾಹಿತಿಯನ್ನು ಕ್ಯಾಮೆರಾ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಡುವುದರಿಂದ ರಾ ಕಡತ ದೊಡ್ಡದಾಗಿರುತ್ತದೆ, ನೋಡಲು ಸಪ್ಪೆಯಾಗಿರುತ್ತದೆ, ಮತ್ತು ತಂತ್ರಾಂಶವಿಲ್ಲದೆ ಯಾರಿಗೂ ಕಳಿಸಲು ಬರುವುದಿಲ್ಲ. ಹಾಗಾಗಿ ನೀವು ಜೆಪೆಗ್ ಮಾತ್ರ ತೆಗೆಯುವವರಾದರೆ ಈ ಬರಹದ ಬಹುಭಾಗ ನಿಮಗೆ ಬೇಕಾಗಲಾರದು. ಮೊಬೈಲಿನಲ್ಲಿ ಚಿತ್ರ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್ ಕೂಡ ನಿಮಗೆ ಸಾಕು.

ರಾ ಕಡತದ ಬೆಲೆ ನನಗೆ ತಿಳಿದದ್ದು ಅಡಿಕೆ ತೋಟದಲ್ಲಿ. ನಮ್ಮ ಕಡೆಯ ತೋಟಗಳಲ್ಲಿ ಮಧ್ಯಾಹ್ನ ಚಿತ್ರ ತೆಗೆದವರಿಗೆಲ್ಲ ಈ ತೊಡಕು ಗೊತ್ತು: ಕೆಳಗೆ ಗಾಢ ನೆರಳು, ಮೇಲೆ ಸೋಗೆಗಳ ಸಂದಿಯಲ್ಲಿ ಕಣ್ಣು ಕೋರೈಸುವ ಆಕಾಶದ ತುಂಡುಗಳು. ಮುಖಕ್ಕೆ ಬೆಳಕು ಹೊಂದಿಸಿದರೆ ಆಕಾಶ ಪೂರ್ತಿ ಬಿಳುಚಿಕೊಳ್ಳುತ್ತದೆ, ಆಕಾಶಕ್ಕೆ ಹೊಂದಿಸಿದರೆ ಮನುಷ್ಯರು ಕಪ್ಪಾಗುತ್ತಾರೆ. ಕೊನೆಗೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಸಮಯದಲ್ಲಿ ತೆಗೆದ ಒಂದು ಚಿತ್ರದಲ್ಲಿ ನಾನು ಆಕಾಶ ಕೆಡದಂತೆ ಬೆಳಕನ್ನು ಕಡಿಮೆ ಮಾಡಿ, ನೆರಳನ್ನು ಕಂಪ್ಯೂಟರಿನಲ್ಲಿ ಎತ್ತಿದೆ. ಜೆಪೆಗ್‌ನಲ್ಲಿ ಹಾಗೆ ಎತ್ತಿದಾಗ ಮರದ ಬುಡವೆಲ್ಲ ಕೆಸರು ಹಸಿರಿನ ಚೌಕಗಳಾಗಿ ಒಡೆದುಹೋಯಿತು; ರಾ ಕಡತದಲ್ಲಿ ಅದೇ ಜಾಗದಲ್ಲಿ ತೊಗಟೆಯ ಮೇಲಿನ ಪಾಚಿ, ಬುಡಕ್ಕೆ ಹಾಕಿದ ಸೊಪ್ಪಿನ ಎಲೆಗಳು ಬಿಡಿಬಿಡಿಯಾಗಿ ಕಂಡವು.

ತೋಟದ ಚಿತ್ರಕ್ಕೆ ಇನ್ನೊಂದು ಕಷ್ಟವಿದೆ. ಸುತ್ತಲಿನ ಹಸಿರು ಮುಖದ ಮೇಲೆಲ್ಲ ಬಿದ್ದು ಚರ್ಮದ ಬಣ್ಣವೇ ರೋಗಿಷ್ಠವಾಗಿ ಕಾಣುತ್ತದೆ. ಇದಕ್ಕೆ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯದು ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣದ ಹೊಂದಾಣಿಕೆ, ತಿದ್ದಬೇಕು, ಮತ್ತು ಎಲ್ಲ ತಂತ್ರಾಂಶಗಳಲ್ಲಿಯೂ ಚಿತ್ರದಲ್ಲಿರುವ ಬಿಳಿ ಅಥವಾ ಬೂದು ವಸ್ತುವೊಂದನ್ನು ಕ್ಲಿಕ್ ಮಾಡಿ ಬಣ್ಣ ಸರಿಪಡಿಸುವ ಪಿಕ್ಕರ್ ಇರುತ್ತದೆ. ಕೆಲಸದವರ ಪಂಚೆಯೇ ಬಿಳಿಯೆಂದು ಅದರ ಮೇಲೆ ಪಿಕ್ಕರ್ ಇಡಬೇಡಿ. ಅಡಿಕೆಯ ಚೊಗರು ಹತ್ತಿದ ಪಂಚೆ ಬಿಳಿಯಾಗಿರುವುದಿಲ್ಲ, ಚಿತ್ರ ನೀಲಿಗೆ ತಿರುಗುತ್ತದೆ. ಅಲ್ಯೂಮಿನಿಯಂ ಏಣಿಯೋ ಸುಣ್ಣದ ಗೋಡೆಯೋ ಸಿಕ್ಕರೆ ಒಳ್ಳೆಯದು.

ಈಗ ತಂತ್ರಾಂಶದ ವಿಷಯ. ಮೊದಲು ನೋಡಬೇಕಾದದ್ದು ಕ್ಯಾಮೆರಾ ತಯಾರಿಸಿದವರೇ ಪುಕ್ಕಟೆಯಾಗಿ ಕೊಡುವ ತಂತ್ರಾಂಶ, ಮತ್ತು ಅದನ್ನು ಬಹಳ ಜನ ಇಳಿಸಿಕೊಳ್ಳುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ. ಕ್ಯಾನನ್‌ನವರದು ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನವರದು ಎನ್‌ಎಕ್ಸ್ ಸ್ಟುಡಿಯೊ, ಸೋನಿಯವರದು ಇಮೇಜಿಂಗ್ ಎಡ್ಜ್. ಫ್ಯೂಜಿಫಿಲ್ಮ್‌ನವರ ಎಕ್ಸ್ ರಾ ಸ್ಟುಡಿಯೊದಲ್ಲಿ ಒಂದು ವಿಶೇಷವಿದೆ: ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ಕಡತ ಸಂಸ್ಕರಿಸುವ ಕೆಲಸವನ್ನು ಕ್ಯಾಮೆರಾದ ಒಳಗಿನ ಪ್ರೊಸೆಸರೇ ಮಾಡುತ್ತದೆ, ಹಾಗಾಗಿ ಹಳೆಯ ಲ್ಯಾಪ್‌ಟಾಪ್ ಇದ್ದವರಿಗೂ ತೊಂದರೆಯಿಲ್ಲ. ಕಂಪನಿಯ ತಂತ್ರಾಂಶದ ದೊಡ್ಡ ಅನುಕೂಲವೆಂದರೆ ಕ್ಯಾಮೆರಾದ ಪರದೆಯ ಮೇಲೆ ಕಂಡ ಬಣ್ಣವೇ ಕಂಪ್ಯೂಟರಿನಲ್ಲಿಯೂ ಕಾಣುತ್ತದೆ, ಲೆನ್ಸಿನ ದೋಷಗಳು ತಾವಾಗಿಯೇ ಸರಿಯಾಗುತ್ತವೆ. ಬೇರೆ ತಂತ್ರಾಂಶದಲ್ಲಿ ರಾ ಕಡತ ತೆರೆದು, ಇದೇನು ಚಿತ್ರ ಹೀಗೆ ಮಂಕಾಗಿದೆ ಎಂದು ಗಾಬರಿಯಾಗುವ ಹೊಸಬರಿಗೆ ಇದು ದೊಡ್ಡ ಸಮಾಧಾನ.

ಎನ್‌ಎಕ್ಸ್ ಸ್ಟುಡಿಯೊ ಬಂದದ್ದು 2021ರಲ್ಲಿ. ಅದಕ್ಕೆ ಮೊದಲು ಚಿತ್ರ ನೋಡಲು ಒಂದು, ತಿದ್ದಲು ಒಂದು ಎಂದು ಬೇರೆಬೇರೆ ತಂತ್ರಾಂಶಗಳಿದ್ದವು. ಈಗ ಎರಡೂ ಒಂದರಲ್ಲೇ ಸೇರಿವೆ. ಬೆಳಕು, ಬಣ್ಣ, ಕ್ರಾಪ್, ಓರೆಯಾದ ಚಿತ್ರವನ್ನು ನೇರ ಮಾಡುವುದು, ಬೇಕಾದ ಜಾಗವನ್ನಷ್ಟೇ ತಿಳಿ ಮಾಡುವ ಕಂಟ್ರೋಲ್ ಪಾಯಿಂಟ್, ಇಷ್ಟೆಲ್ಲ ಇದೆ. ಮನೆಯ ಸಮಾರಂಭ, ಪ್ರವಾಸ, ಮಕ್ಕಳ ಚಿತ್ರ, ಯಾಣದ ಬಂಡೆ, ಉಂಚಳ್ಳಿ ಜಲಪಾತ ಇವುಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕೆಂದು ನನಗೆ ಅನಿಸಿಲ್ಲ. ಕೊರತೆಯೂ ಇದೆ: ಇದು ನಿಧಾನ, ಮತ್ತು ವಿಂಡೋಸ್ ಹಾಗೂ ಮ್ಯಾಕ್‌ಗಳಲ್ಲಿ ಮಾತ್ರ ನಡೆಯುತ್ತದೆ, ಲಿನಕ್ಸಿನಲ್ಲಿಲ್ಲ. ನಾಳೆ ಬೇರೆ ಕಂಪನಿಯ ಕ್ಯಾಮೆರಾ ಕೊಂಡರೆ ಅದರ ರಾ ಕಡತಗಳನ್ನು ಇದರಲ್ಲಿ ತಿದ್ದಲು ಸಾಧ್ಯವಿಲ್ಲ.

ನನ್ನ ಎರಡನೆಯ ಕಷ್ಟದ ಚಿತ್ರ ಯಕ್ಷಗಾನದ್ದು. ರಾತ್ರಿಯ ಆಟ, ಎಲ್‌ಇಡಿ ದೀಪ, ಮಂಡಿ ಕುಣಿತದ ವೇಗ. ಶಟರ್ ವೇಗ ಸೆಕೆಂಡಿನ 250ನೆಯ ಒಂದು ಭಾಗಕ್ಕಿಂತ ನಿಧಾನವಾದರೆ ಕೈಗಳೆಲ್ಲ ಕಲಸಿಹೋಗುತ್ತವೆ. ಕ್ಯಾಮೆರಾದ ಜೊತೆ ಬರುವ ಲೆನ್ಸಿನ ಕಿಂಡಿ ಸಣ್ಣದು, ಪೂರ್ತಿ ಹತ್ತಿರಕ್ಕೆ ಎಳೆದಾಗ ಎಫ್ 6.3ಕ್ಕೆ ಇಳಿಯುತ್ತದೆ. ಹೀಗಾಗಿ ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಂಕೆಯನ್ನು) 6400ಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲೆ ಏರಿಸಬೇಕಾಗುತ್ತದೆ, ಆಗ ಕಪ್ಪು ಹಿನ್ನೆಲೆಯಲ್ಲಿ ಬಣ್ಣಬಣ್ಣದ ಕಾಳು (ನಾಯ್ಸ್) ಎದ್ದು ಕಾಣುತ್ತವೆ. ಅದಕ್ಕಿಂತ ನನ್ನನ್ನು ಕಾಡಿದ್ದು ಕೆಂಪು ಬಣ್ಣ. ಒಟ್ಟು ಚಿತ್ರದ ಬೆಳಕು ಸರಿಯಾಗಿಯೇ ಇದ್ದರೂ ವೇಷದ ಕೆಂಪು ಬಟ್ಟೆ ಮಾತ್ರ ಮಡಿಕೆಗಳೇ ಇಲ್ಲದ ಒಂದು ಕೆಂಪು ತೇಪೆಯಾಗಿ ಕಾಣುತ್ತಿತ್ತು. ಕಾರಣ ಇಷ್ಟು: ಹಸಿರು, ನೀಲಿ ಇನ್ನೂ ತುಂಬದಿರುವಾಗಲೇ ಕೆಂಪಿನ ಮಟ್ಟ ಗರಿಷ್ಠಕ್ಕೆ ಮುಟ್ಟಿರುತ್ತದೆ. ಎನ್‌ಎಕ್ಸ್ ಸ್ಟುಡಿಯೊದಲ್ಲಿ ಪಿಕ್ಚರ್ ಕಂಟ್ರೋಲನ್ನು (ನಿಕಾನ್‌ನ ಸಿದ್ಧ ಬಣ್ಣದ ಶೈಲಿಯನ್ನು) ಸ್ಟ್ಯಾಂಡರ್ಡ್‌ನಿಂದ ನ್ಯೂಟ್ರಲ್‌ಗೆ ಬದಲಿಸಿದ ಕೂಡಲೇ ಆ ಬಟ್ಟೆಯ ಅರ್ಧದಷ್ಟು ಮಡಿಕೆಗಳು ಮರಳಿ ಬಂದವು, ಏಕೆಂದರೆ ರಾ ಕಡತದಲ್ಲಿ ಮಾಹಿತಿ ಇತ್ತು, ಸಿದ್ಧ ಬಣ್ಣದ ಲೆಕ್ಕಾಚಾರದಲ್ಲಿ ಅದು ಮುಚ್ಚಿಹೋಗಿತ್ತು. ಕಾಳಿನ ವಿಷಯದಲ್ಲಿ ಮಾತ್ರ ನನಗೆ ತೃಪ್ತಿಯಾಗಲಿಲ್ಲ. ಕಾಳು ಹೋಗುವಷ್ಟು ಒರೆಸಿದರೆ ಕಿರೀಟದ ಕುಸುರಿಯೂ ಒರೆಸಿಹೋಗುತ್ತಿತ್ತು.

ಆ ಕಾರಣಕ್ಕೆ ನಾನು ಡಾರ್ಕ್‌ಟೇಬಲ್‌ಗೆ ಬಂದೆ. ಇದು ಜಗತ್ತಿನ ಬೇರೆಬೇರೆ ಕಡೆಯ ಸ್ವಯಂಸೇವಕರು ಕಟ್ಟುತ್ತಿರುವ ಮುಕ್ತ ತಂತ್ರಾಂಶ. ಮೊದಲ ಆವೃತ್ತಿ 2009ರಲ್ಲಿ ಬಂತು, ಲಿನಕ್ಸಿಗೆಂದು ಹುಟ್ಟಿದ್ದು 2017ರ ಕೊನೆಗೆ ವಿಂಡೋಸ್‌ಗೂ ಬಂತು. ಇದಕ್ಕೆ ಹಣವಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಒಮ್ಮೆ ಹಾಕಿಕೊಂಡ ಮೇಲೆ ಇಂಟರ್ನೆಟ್ಟೂ ಬೇಡ. ಇದರಲ್ಲಿ ಕಾಳು ತೆಗೆಯುವ ಒಂದು ಮಾಡ್ಯೂಲ್ (ಒಂದೊಂದು ಬಗೆಯ ತಿದ್ದುಪಡಿಗೆ ಇರುವ ಸಾಧನ), ಪ್ರತಿ ಕ್ಯಾಮೆರಾ ಮಾದರಿ ಪ್ರತಿ ಐಎಸ್‌ಒದಲ್ಲಿ ಎಷ್ಟು ಕಾಳು ಮಾಡುತ್ತದೆ ಎಂದು ಮೊದಲೇ ಅಳೆದಿಟ್ಟ ದಾಖಲೆಯನ್ನು ಬಳಸುತ್ತದೆ. ಬಣ್ಣದ ಕಾಳನ್ನು ಪೂರ್ತಿ ತೆಗೆದು, ಕಪ್ಪುಬಿಳುಪಿನ ಕಾಳನ್ನು ಸ್ವಲ್ಪ ಉಳಿಸಿಕೊಂಡರೆ ಭುಜಕೀರ್ತಿಯ ಕೆತ್ತನೆ ಉಳಿಯುತ್ತದೆ, ಹಿನ್ನೆಲೆಯ ಪರದೆ ಶುದ್ಧವಾಗುತ್ತದೆ. ರಾತ್ರಿ ಆಟದ ಚಿತ್ರಕ್ಕೆ ಅಷ್ಟು ಸಾಕು. ಎಲ್ಲ ಕಾಳನ್ನೂ ಉಜ್ಜಿ ಮುಖವನ್ನು ಪ್ಲಾಸ್ಟಿಕ್ ಮಾಡುವುದು ನನಗೆ ಹಿಡಿಸುವುದಿಲ್ಲ, ವೇಷದ ಬಣ್ಣಗಾರಿಕೆಯ ಗೆರೆಗಳು ಕಾಣಬೇಕು.

ಡಾರ್ಕ್‌ಟೇಬಲ್ ಕಲಿಯುವುದು ಸುಲಭವಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಹತ್ತಾರು ಮಾಡ್ಯೂಲ್‌ಗಳ ಹೆಸರು ನೋಡಿಯೇ ಹಲವರು ಮುಚ್ಚಿಬಿಡುತ್ತಾರೆ. ಅವುಗಳಲ್ಲಿ ನಾನು ದಿನವೂ ಮುಟ್ಟುವುದು ಎಕ್ಸ್‌ಪೋಷರ್, ಬಣ್ಣದ ಸಮತೋಲನ, ಬೆಳಕಿನ ಹರವನ್ನು ಪರದೆಗೆ ಒಗ್ಗಿಸುವ ಫಿಲ್ಮಿಕ್ ಅಥವಾ ಸಿಗ್ಮಾಯ್ಡ್, ನೆರಳನ್ನಷ್ಟೇ ಎತ್ತುವ ಟೋನ್ ಈಕ್ವಲೈಸರ್, ಕಾಳು ತೆಗೆಯುವುದು, ಲೆನ್ಸ್ ತಿದ್ದುವುದು, ಕ್ರಾಪ್, ಇಷ್ಟೇ. ಇವುಗಳನ್ನು ಒಂದು ಗುಂಪಾಗಿ ಮಾಡಿಟ್ಟುಕೊಂಡು ಉಳಿದದ್ದನ್ನು ಕಣ್ಣಿಗೆ ಬೀಳದಂತೆ ಇಡಲು ಬರುತ್ತದೆ, ಮತ್ತು ಹೊಸಬರು ಮೊದಲು ಮಾಡಬೇಕಾದ ಕೆಲಸವೇ ಅದು. ಇಷ್ಟೂ ಕಿರಿಕಿರಿ ಬೇಡವೆನ್ನುವವರು ರಾಥೆರಪಿಯನ್ನು ನೋಡಬಹುದು. ಅದೂ ಉಚಿತ, 2010ರಿಂದ ಮುಕ್ತ ತಂತ್ರಾಂಶ. ಸೂಕ್ಷ್ಮ ವಿವರಗಳನ್ನು ಹೊರತೆಗೆಯುವುದರಲ್ಲಿ ಅದರ ಕೈ ಬಹಳ ಒಳ್ಳೆಯದು, ಆದರೆ ಚಿತ್ರದ ಒಂದು ಭಾಗವನ್ನು ಮಾತ್ರ ಆರಿಸಿ ತಿದ್ದುವ ಕೆಲಸ ಡಾರ್ಕ್‌ಟೇಬಲ್‌ನಲ್ಲಿಯೇ ಸಲೀಸು.

ಲೆನ್ಸ್ ತಿದ್ದುವ ವಿಷಯವನ್ನು ಕರಾವಳಿಯವರು ಗಮನಿಸಬೇಕು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತು 16 ಮಿ.ಮೀ.ನಲ್ಲಿ ಸಮುದ್ರ ತೆಗೆದಾಗ, ದಿಗಂತವನ್ನು ಚೌಕಟ್ಟಿನ ಮೇಲ್ಭಾಗದಲ್ಲಿ ಇಟ್ಟರೆ ಆ ಗೆರೆ ನೇರವಾಗಿರದೆ ಬಾಗಿರುತ್ತದೆ. ಇದು ಇಂಥ ಸಣ್ಣ ಲೆನ್ಸುಗಳಲ್ಲಿ ಸಹಜ, ತಂತ್ರಾಂಶದಲ್ಲಿ ಸರಿಯಾಗಲಿ ಎಂದೇ ತಯಾರಕರು ಬಿಟ್ಟಿರುತ್ತಾರೆ. ಕಂಪನಿಯ ತಂತ್ರಾಂಶದಲ್ಲಿ ಇದು ತಾನಾಗಿಯೇ ಆಗುತ್ತದೆ. ಮುಕ್ತ ತಂತ್ರಾಂಶಗಳು ಬಹುಮಟ್ಟಿಗೆ ಲೆನ್ಸ್‌ಫನ್ ಎಂಬ ದಾಖಲೆ ಸಂಗ್ರಹವನ್ನು ನೆಚ್ಚಿಕೊಂಡಿವೆ, ಆದ್ದರಿಂದ ನಿಮ್ಮ ಲೆನ್ಸು ಅದರಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸಂಜೆಯ ಆಕಾಶದಲ್ಲಿ ಕಿತ್ತಳೆಯಿಂದ ನೀಲಿಗೆ ತಿರುಗುವ ಜಾಗ ಪಟ್ಟಿಪಟ್ಟಿಯಾಗಿ ಒಡೆದರೆ ಅದು ಜೆಪೆಗ್‌ನ 256 ಹಂತಗಳನ್ನು ಅತಿಯಾಗಿ ಎಳೆದದ್ದರ ಫಲ. ರಾ ಕಡತದಲ್ಲಿ ತಿದ್ದಿ ಕೊನೆಯಲ್ಲಿ ಮಾತ್ರ ಜೆಪೆಗ್ ಮಾಡಿದರೆ ಹಾಗಾಗುವುದು ಅಪರೂಪ.

ತೀರಾ ಹೊಸ ಮಾದರಿಯ ಕ್ಯಾಮೆರಾ ಕೊಂಡವರಿಗೆ ಒಂದು ಎಚ್ಚರಿಕೆಯ ಮಾತಿದೆ. ಕ್ಯಾನನ್ 2018ರಲ್ಲಿ ಸಿಆರ್3 ಎಂಬ ಹೊಸ ಬಗೆಯ ರಾ ಕಡತ ತಂದಾಗ ಅದು ಡಾರ್ಕ್‌ಟೇಬಲ್‌ನಲ್ಲಿ ತೆರೆಯುವಂತಾದದ್ದು 2021ರ ಕೊನೆಗೆ. ನಿಕಾನ್‌ನ ಮೇಲ್ಮಟ್ಟದ ಕ್ಯಾಮೆರಾಗಳಲ್ಲಿರುವ ಹೈ ಎಫಿಷಿಯೆನ್ಸಿ ರಾ (ಹೆಚ್ಚು ಕುಗ್ಗಿಸಿದ ರಾ ಕಡತ) ಕೂಡ ಮುಕ್ತ ತಂತ್ರಾಂಶಗಳಿಗೆ ತೊಡಕು ತಂದಿದೆ. ಅಂಥ ಕ್ಯಾಮೆರಾದಲ್ಲಿ ಲಾಸ್‌ಲೆಸ್ ಕಂಪ್ರೆಸ್ಡ್ ಎಂಬ, ಮಾಹಿತಿ ಕಳೆಯದೆ ಕುಗ್ಗಿಸುವ ಆಯ್ಕೆ ಇಟ್ಟುಕೊಳ್ಳುವುದು ಕ್ಷೇಮ. ಅಡೋಬಿಯವರ ಡಿಎನ್‌ಜಿ ಕನ್ವರ್ಟರ್ ಉಚಿತವಾಗಿಯೇ ಸಿಗುತ್ತದೆ, ಹೊಸ ಕಡತಗಳನ್ನು ಡಿಎನ್‌ಜಿ ಎಂಬ ಸಾಮಾನ್ಯ ರಾ ರೂಪಕ್ಕೆ ಬದಲಿಸಿ ಹಳೆಯ ತಂತ್ರಾಂಶದಲ್ಲಿ ತೆರೆಯಲು ಅದು ಹಲವು ಸಲ ನೆರವಾಗುತ್ತದೆ.

ಕಂಪ್ಯೂಟರಿನ ಶಕ್ತಿಯೂ ವೆಚ್ಚದ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಪುಕ್ಕಟೆ ತಂತ್ರಾಂಶ ಹಾಕಿಕೊಂಡು, ಅದು ಓಡಲೆಂದು ಹೊಸ ಲ್ಯಾಪ್‌ಟಾಪ್ ಕೊಂಡರೆ ಉಳಿತಾಯವೆಲ್ಲಿ? ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲ. ಡಾರ್ಕ್‌ಟೇಬಲ್‌ನಲ್ಲಿ ಕಾಳು ತೆಗೆಯುವ ಮಾಡ್ಯೂಲ್ ಹಚ್ಚಿದ ಮೇಲೆ ಪ್ರತಿ ಬದಲಾವಣೆಗೂ ಕಾಯಬೇಕಾಗುತ್ತದೆ. ಹೀಗಾಗಿ ಅದನ್ನು ಎಲ್ಲ ಕೆಲಸ ಮುಗಿದ ಮೇಲೆ ಕೊನೆಯಲ್ಲಿ ಹಚ್ಚುತ್ತೇನೆ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದು ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂತು.

ಹಣ ಕೊಟ್ಟು ಕೊಳ್ಳುವವುಗಳ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಅಡೋಬಿಯವರ ಲೈಟ್‌ರೂಮ್ ಒಳ್ಳೆಯ ತಂತ್ರಾಂಶ. 2007ರಲ್ಲಿ ಬಂದದ್ದು, ಕಲಿಯಲು ಸುಲಭ, ವೇಗವಾಗಿದೆ, ಕಾಳು ತೆಗೆಯುವುದಕ್ಕೆ ಅದರಲ್ಲಿ 2023ರಲ್ಲಿ ಸೇರಿಸಿದ ಕೃತಕ ಬುದ್ಧಿಮತ್ತೆಯ ಸೌಲಭ್ಯದ ಫಲಿತಾಂಶ ಡಾರ್ಕ್‌ಟೇಬಲ್‌ನಲ್ಲಿ ನಾನು ಪಡೆದದ್ದಕ್ಕಿಂತ ಮೇಲು ಎಂಬುದನ್ನು ಒಪ್ಪಲೇಬೇಕು. ಆದರೆ ಒಮ್ಮೆ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ 2015ರದ್ದು; ಈಗ ಇರುವುದು ಚಂದಾ ಮಾತ್ರ. ಚಂದಾ ನಿಲ್ಲಿಸಿದರೆ ಚಿತ್ರಗಳು ಹೋಗುವುದಿಲ್ಲ, ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಅವುಗಳನ್ನು ನೋಡಬಹುದು, ಹೊರಗೆ ತೆಗೆದುಕೊಳ್ಳಬಹುದು. ತಿದ್ದುವ ಭಾಗ ಮಾತ್ರ ಮುಚ್ಚಿರುತ್ತದೆ. ವರ್ಷಗಟ್ಟಲೆ ಮಾಡಿದ ತಿದ್ದುಪಡಿಯನ್ನು ಒಂದಿಷ್ಟು ಬದಲಿಸಬೇಕೆಂದರೂ ಮತ್ತೆ ಚಂದಾ ಕಟ್ಟಬೇಕು ಎಂಬುದು ನನಗೆ ಒಗ್ಗದ ವಿಷಯ. ಕಾಲಕಾಲಕ್ಕೆ ಇಂಟರ್ನೆಟ್ಟಿಗೆ ಜೋಡಿಸಿ ಚಂದಾ ಚಾಲ್ತಿಯಲ್ಲಿದೆ ಎಂದು ಅದಕ್ಕೆ ತೋರಿಸಬೇಕಾಗುತ್ತದೆ, ಮಳೆಗಾಲದಲ್ಲಿ ಮರ ಬಿದ್ದು ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವ ನಮ್ಮ ಹಳ್ಳಿಗಳಲ್ಲಿ ಅದನ್ನೂ ಯೋಚಿಸಬೇಕು.

ಮದುವೆ ಫೋಟೊಗ್ರಫಿಯನ್ನೇ ವೃತ್ತಿ ಮಾಡಿಕೊಂಡ ಸ್ನೇಹಿತರೊಬ್ಬರಿಗೆ ನಾನು ಇದನ್ನೆಲ್ಲ ಹೇಳಿದಾಗ ಅವರು, "ನಿಮ್ಮ ಮಾತು ಸರಿ ಮಾರಾಯ್ರೆ, ಆದ್ರೆ ಒಂದು ಮದುವೆಗೆ ಸಾವಿರಾರು ಫೋಟೊ ಬರ್ತದೆ, ಅಷ್ಟಕ್ಕೂ ಒಂದೇ ಬಣ್ಣ ಕೂರಿಸಿ ವಾರದೊಳಗೆ ಆಲ್ಬಂ ಕೊಡಬೇಕು, ನನಗೆ ಬೇಕಾದದ್ದು ವೇಗ," ಎಂದರು. ಅವರಿಗೆ ಚಂದಾ ವ್ಯಾಪಾರದ ಖರ್ಚು, ಅದರಲ್ಲಿ ತಪ್ಪಿಲ್ಲ. ನಮ್ಮಂತೆ ಭಾನುವಾರಕ್ಕೊಮ್ಮೆ ಕ್ಯಾಮೆರಾ ಹೊರತೆಗೆಯುವವರ ಲೆಕ್ಕ ಬೇರೆ.

ಫೋಟೊಶಾಪಿನ ಕೆಲಸ, ಅಂದರೆ ಪದರ ಪದರವಾಗಿ ಚಿತ್ರ ಜೋಡಿಸುವುದು, ಬೇಡದ ತಂತಿ ಅಳಿಸುವುದು, ಪೋಸ್ಟರ್ ಮಾಡುವುದು ಇವುಗಳಿಗೆ ಗಿಂಪ್ ಇದೆ. 1996ರಿಂದ ಇರುವ ಈ ಉಚಿತ ತಂತ್ರಾಂಶದ 3.0 ಆವೃತ್ತಿ 2025ರಲ್ಲಿ ಬಂತು, ಮೊದಲು ಮಾಡಿದ ಬದಲಾವಣೆಯನ್ನು ಆಮೇಲೂ ತಿದ್ದಲು ಈಗ ಸಾಧ್ಯವಾಗಿದೆ. ತಾಳಮದ್ದಳೆಯ ಆಮಂತ್ರಣಕ್ಕೆ ಯೂನಿಕೋಡ್ ಕನ್ನಡ ಬರೆದಾಗ ಅದರಲ್ಲಿ ಒತ್ತಕ್ಷರಗಳು ಒಡೆಯುವುದಿಲ್ಲ, ನುಡಿ ಅಕ್ಷರಗಳಿಗೆ ಬದಲಿಸಿಕೊಳ್ಳುವ ಕಷ್ಟವೂ ಇಲ್ಲ. ಇದೇ ಕೆಲಸಕ್ಕಿರುವ ಇನ್ನೊಂದು ತಂತ್ರಾಂಶ ಅಫಿನಿಟಿ, ಅದನ್ನು ಮೊದಲು ಹಣ ಕೊಟ್ಟು ಕೊಳ್ಳಬೇಕಾಗಿತ್ತು. ಅದನ್ನು ತಯಾರಿಸಿದ ಕಂಪನಿಯನ್ನು ಆನ್‌ಲೈನ್ ವಿನ್ಯಾಸ ಕಂಪನಿ ಕ್ಯಾನ್ವಾ 2024ರಲ್ಲಿ ಕೊಂಡಿತು, 2025ರ ಅಕ್ಟೋಬರಿನಿಂದ ಕ್ಯಾನ್ವಾ ಖಾತೆಯಿದ್ದರೆ ಅದು ಉಚಿತವಾಗಿ ಸಿಗುತ್ತಿದೆ. ಗಿಂಪ್‌ಗಿಂತ ನಯವಾಗಿದೆ, ರಾ ಕಡತವನ್ನೂ ತೆರೆಯುತ್ತದೆ. ಖಾಸಗಿ ಕಂಪನಿಯ ಉಚಿತ ಕೊಡುಗೆಯ ನಿಯಮ ಮುಂದೆ ಬದಲಾಗಬಹುದು ಎಂಬ ಕಾರಣಕ್ಕೆ ನಾನು ಅದನ್ನು ಎರಡನೆಯದಾಗಿ ಇಟ್ಟುಕೊಂಡಿದ್ದೇನೆ.

ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ಕ್ರ್ಯಾಕ್ ಮಾಡಿದ ಫೋಟೊಶಾಪನ್ನು ದಯವಿಟ್ಟು ಹಾಕಿಸಿಕೊಳ್ಳಬೇಡಿ. ಅದು ಕಳ್ಳ ಪ್ರತಿ ಎಂಬುದು ಒಂದು ಕಾರಣ; ಅಂಥ ಪ್ರತಿಗಳ ಜೊತೆ ಬರುವ ವೈರಸ್ ನಿಮ್ಮ ಎಲ್ಲ ಚಿತ್ರಗಳಿಗೂ ಬೀಗ ಹಾಕಿಬಿಡಬಹುದು ಎಂಬುದು ಇನ್ನೊಂದು. ಇಷ್ಟು ಒಳ್ಳೆಯ ತಂತ್ರಾಂಶಗಳು ನ್ಯಾಯವಾಗಿಯೇ ಪುಕ್ಕಟೆ ಸಿಗುತ್ತಿರುವಾಗ ಅದರ ಅಗತ್ಯವೇ ಇಲ್ಲ.

ಕೊನೆಯದಾಗಿ ತಿದ್ದುಪಡಿಗಳು ಎಲ್ಲಿ ಉಳಿಯುತ್ತವೆ ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿ. ಡಾರ್ಕ್‌ಟೇಬಲ್, ರಾಥೆರಪಿ, ಎನ್‌ಎಕ್ಸ್ ಸ್ಟುಡಿಯೊ ಈ ಮೂರೂ ಮೂಲ ರಾ ಕಡತವನ್ನು ಮುಟ್ಟುವುದಿಲ್ಲ. ಮಾಡಿದ ಬದಲಾವಣೆಗಳ ವಿವರವನ್ನು ಪಕ್ಕದಲ್ಲಿ ಸಣ್ಣ ಕಡತವಾಗಿ ಬರೆದಿಡುತ್ತವೆ. ಡಾರ್ಕ್‌ಟೇಬಲ್‌ನಲ್ಲಿ ಅದು ಎಕ್ಸ್‌ಎಂಪಿ, ರಾಥೆರಪಿಯಲ್ಲಿ ಪಿಪಿ3, ಎನ್‌ಎಕ್ಸ್ ಸ್ಟುಡಿಯೊದಲ್ಲಿ ಎನ್‌ಕೆಎಸ್‌ಸಿ_ಪ್ಯಾರಾಮ್ ಎಂಬ ಫೋಲ್ಡರಿನೊಳಗೆ. ಒಂದರ ತಿದ್ದುಪಡಿ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ, ಹಾಗಾಗಿ ತಂತ್ರಾಂಶ ಬದಲಿಸಿದರೆ ಕೆಲಸವನ್ನು ಹೊಸದಾಗಿ ಮಾಡಬೇಕು. ಆಯ್ಕೆಗೆ ಸಮಯ ಕೊಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ. ಚಿತ್ರಗಳನ್ನು ಬೇರೆಡೆಗೆ ಸಾಗಿಸುವಾಗ ಈ ಸಣ್ಣ ಕಡತಗಳೂ ಜೊತೆಗೆ ಹೋಗಬೇಕು. ತಂತ್ರಾಂಶಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ನಾನು ಎರಡು ಹಾರ್ಡ್ ಡಿಸ್ಕ್ ಕೊಂಡೆ. ಎರಡರಲ್ಲೂ ಅವೇ ಫೋಲ್ಡರುಗಳಿವೆ. ಒಂದು ನನ್ನ ಮೇಜಿನಲ್ಲಿ, ಇನ್ನೊಂದು ಕುಮಟಾದ ಅಕ್ಕನ ಮನೆಯ ಕಪಾಟಿನಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿದೆ, ಪ್ರತಿ ಹಬ್ಬಕ್ಕೆ ಹೋದಾಗ ಅವೆರಡನ್ನು ಅದಲುಬದಲು ಮಾಡುತ್ತೇನೆ.